ಕುಲುಮೆಯ ಹೊಳಪು, ಕೈಯ ಹೊಳಪು

ಮೈಸೂರಿನಲ್ಲಿ ಹಲ್ಲಿನ ತೊಂದರೆ ಎಂದರೆ ಜನ ಒಂದೋ ಬನ್ನಿಮಂಟಪದ ಕಡೆ ಹೋಗುತ್ತಾರೆ, 1986ರಲ್ಲಿ ಶುರುವಾದ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜಿಗೆ. ಇಲ್ಲವೇ ತಿಲಕ್ ನಗರದ ಫಾರೂಖಿಯಾ ಕಾಲೇಜಿಗೆ. ಅದೂ ಬೇಡವೆಂದರೆ ಮನೆ ಹತ್ತಿರದ ಕ್ಲಿನಿಕ್ಕಿಗೆ. ಬಾಯಿ ತೆರೆದು ಕೂತಾಗ ವೈದ್ಯರ ಮುಖ ಕಾಣುತ್ತದೆ. ಬಾಯಿಗೆ ಬರಲಿರುವ ಕ್ಯಾಪನ್ನು ಮಾಡಿದವರ ಮುಖ ಮಾತ್ರ ಯಾರಿಗೂ ಕಾಣುವುದಿಲ್ಲ. 1948ರ ದಂತವೈದ್ಯರ ಕಾಯ್ದೆ ಇವರನ್ನು ‘ಡೆಂಟಲ್ ಮೆಕ್ಯಾನಿಕ್’ ಎಂದು ಕರೆಯಿತು. ಮಹಡಿ ಮೇಲಿನ ಸಣ್ಣ ಕೊಠಡಿಗಳಲ್ಲಿ ಕುಂಚ, ಪಿಂಗಾಣಿ ಪುಡಿ, ಪುಟ್ಟದೊಂದು ವಿದ್ಯುತ್ ಕುಲುಮೆ ಇಟ್ಟುಕೊಂಡು ಇವರು ಮಾಡುವ ಕೆಲಸಕ್ಕೆ ಆ ಹೆಸರು ಸಾಲದು.

ಅಂಥದೊಂದು ಕೊಠಡಿಯಲ್ಲಿ ನಡೆದ ಮಾತು ಇದು. ಒಬ್ಬರು ಕೂದಲು ನೆರೆತ ತಂತ್ರಜ್ಞ. ಇನ್ನೊಬ್ಬರು ಕೃತಕ ದಂತ ವಿಭಾಗದಲ್ಲಿ ಎಂಡಿಎಸ್ ಮುಗಿಸಿ, ಈಚೆಗೆ ಸ್ವಂತ ಕ್ಲಿನಿಕ್ ತೆರೆದು, ಸ್ಕ್ಯಾನರನ್ನೂ ಕೊಂಡಿರುವ ಯುವ ವೈದ್ಯೆ. ಮೇಜಿನ ಮೇಲೆ ಪ್ಲಾಸ್ಟರ್ ಅಚ್ಚು. ಅದರಲ್ಲಿ ಮೇಲ್ದವಡೆಯ ಮುಂದಿನ ಒಂದೇ ಒಂದು ಹಲ್ಲಿನ ಕ್ಯಾಪ್. ಲಿಥಿಯಂ ಡೈಸಿಲಿಕೇಟಿನ ತಳ, ಮೇಲೆ ಕುಂಚದಿಂದ ಇಟ್ಟು ಸುಟ್ಟ ಪಿಂಗಾಣಿ ಪದರ. ನಂಜನಗೂಡು ಕಡೆಯ, ಐವತ್ತರ ಆಸುಪಾಸಿನ ಮೇಷ್ಟ್ರೊಬ್ಬರಿಗೆ ಮಾಡಿದ್ದು. ಬಾಯಲ್ಲಿಟ್ಟು ನೋಡಿ ವಾಪಸು ತಂದಿದ್ದಾರೆ.

ವೈದ್ಯೆ: ಶೇಡ್ ಎ3 ಅಂತ ಬರೆದುಕೊಟ್ಟಿದ್ದೆ. ಯಂತ್ರ ಇಟ್ಟು ನೋಡಿದೆ, ಎ3 ಅಂತಲೇ ತೋರಿಸ್ತು. ಆದರೂ ಬಾಯಲ್ಲಿಟ್ಟರೆ ಪಕ್ಕದ ಹಲ್ಲಿಗಿಂತ ಬೆಳ್ಳಗೆ, ಸುಣ್ಣ ಬಳಿದ ಹಾಗೆ ಕಾಣ್ತಿದೆ. ಪಿಂಗಾಣಿ ಪುಡಿ ಏನಾದರೂ ಬದಲಾಯ್ತಾ?

ತಂತ್ರಜ್ಞ: ಪುಡಿ ಅದೇ. ಈ ತುಟಿ ಕಡೆಯ ಮೈಯನ್ನ ನೀವು ಉಜ್ಜಿದ್ದೀರಿ, ಅಲ್ವಾ?

ವೈದ್ಯೆ: ಸ್ವಲ್ಪ ಮುಂದೆ ಬಂದಿತ್ತು. ಡೈಮಂಡ್ ಬರ್‌ನಲ್ಲಿ ಸವರಿದೆ ಅಷ್ಟೆ.

ತಂತ್ರಜ್ಞ: ಆ ‘ಅಷ್ಟೆ’ಯಲ್ಲೇ ಬಣ್ಣ ಹೋಗಿದೆ. ಇಲ್ಲಿ ನೋಡಿ.

ಅವರು ಕುಂಚವನ್ನು ನೀರಿನಲ್ಲಿ ಅದ್ದಿ ಕ್ಯಾಪಿನ ಮೇಲೆ ಎಳೆದರು. ಹಲ್ಲು ಕಣ್ಣೆದುರೇ ಹಳದಿಗೆ ತಿರುಗಿತು; ಒಳಗಿನ ಕಂದು ಛಾಯೆ ಮೇಲೆದ್ದು ಬಂತು. ನೀರನ್ನು ಊದಿ ಒಣಗಿಸಿದರು. ಮತ್ತೆ ಮಂಕು ಬಿಳಿ. ಪುಡಿಯೂ ಅದೇ, ಸುಟ್ಟ ಬಿಸಿಯೂ ಅದೇ, ಕಿಟಕಿಯ ಬೆಳಕೂ ಅದೇ. ಬದಲಾದದ್ದು ಮೈ ಒಂದೇ.

ವೈದ್ಯೆ: ಸರಿ, ಗೊತ್ತಾಯ್ತು. ಪಿಂಗಾಣಿಯ ವಕ್ರೀಭವನ ಸೂಚ್ಯಂಕ ಸುಮಾರು 1.5. ಗಾಳಿಯಿಂದ ನೇರ ಬಂದು ಬೀಳುವ ಬೆಳಕಿನಲ್ಲಿ ಶೇಕಡಾ 4ರಷ್ಟು ಮೇಲ್ಮೈಯಿಂದಲೇ ಹಿಂದಿರುಗುತ್ತೆ. ಮೈ ನುಣುಪಾಗಿದ್ದರೆ ಅದು ಒಂದೇ ದಿಕ್ಕಿಗೆ ಹೋಗುತ್ತೆ, ನಮಗೆ ಒಂದು ಹೊಳಪಿನ ಚುಕ್ಕೆಯಾಗಿ ಕಾಣುತ್ತೆ. ಉಳಿದ ಕಡೆಯಿಂದ ಒಳಗಿನ ಬಣ್ಣ ಶುದ್ಧವಾಗಿ ಬರುತ್ತೆ. ಗೀರು ಬಿದ್ದಿದ್ದರೆ ಆ ಶೇಕಡಾ 4 ಎಲ್ಲ ದಿಕ್ಕಿಗೂ ಚೆದುರಿ, ಬಣ್ಣವಿಲ್ಲದ ಬಿಳಿ ಬೆಳಕಾಗಿ ಒಳಗಿನ ಬಣ್ಣದ ಜತೆ ಬೆರೆಯುತ್ತೆ. ನೀರು ಆ ಗೀರುಗಳನ್ನ ತುಂಬಿತು. ನೀರಿಂದ ಪಿಂಗಾಣಿಗೆ ದಾಟುವಾಗ ಹಿಂದಿರುಗುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಗೀರು ಮಾಯ. ಆದರೆ ಬಾಯಲ್ಲಿ ಜೊಲ್ಲು ಇದ್ದೇ ಇರುತ್ತಲ್ಲ? ಅದೂ ತುಂಬಬೇಕಲ್ಲ?

ತಂತ್ರಜ್ಞ: ದವಡೆ ಹಲ್ಲಿಗೆ ತುಂಬುತ್ತೆ. ಮೇಲಿನ ಮುಂದಿನ ಹಲ್ಲಿನ ತುಟಿ ಕಡೆಗೆ ಜೊಲ್ಲಿನ ಪದರ ಬಲು ತೆಳು. ಮೇಷ್ಟ್ರು ಪಾಠ ಮಾಡೋರು, ದಿನವಿಡೀ ಮಾತಾಡೋರು. ಎರಡು ವಾಕ್ಯ ಆಡಿದರೆ ಒಣಗಿರುತ್ತೆ.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಸಹಜ ಹಲ್ಲೂ ಒಣಗಿದರೆ ಬೆಳ್ಳಗಾಗುತ್ತದೆ. ಬಾಯಿಗೆ ಹತ್ತಿ ತುರುಕಿ ಬಹಳ ಹೊತ್ತಾದ ಮೇಲೆ ಶೇಡ್ ನೋಡಿದರೆ ಬರುವ ಉತ್ತರ ಒಣ ಹಲ್ಲಿನದು, ಆ ಮನುಷ್ಯನ ಹಲ್ಲಿನದಲ್ಲ. ಆದ್ದರಿಂದಲೇ ಶೇಡ್ ನೋಡುವುದನ್ನು ಎಲ್ಲಕ್ಕಿಂತ ಮೊದಲು ಮುಗಿಸಬೇಕೆಂದು ಕಾಲೇಜುಗಳಲ್ಲಿ ಹೇಳಿಕೊಡುತ್ತಾರೆ. ಚಿಕಿತ್ಸೆಗೆ ಹೋದವರು ಇದನ್ನು ತಾವೇ ಗಮನಿಸಬಹುದು.

ವೈದ್ಯೆ: ಹಾಗಾದರೆ ಯಂತ್ರ ಯಾಕೆ ಎ3 ಅಂದಿತು?

ತಂತ್ರಜ್ಞ: ಅದನ್ನ ನೀವೇ ಹೇಳಬೇಕು. ಯಂತ್ರ ನಿಮ್ಮದು.

ವೈದ್ಯೆ: ಬಣ್ಣ ಅಳೆಯೋದರಲ್ಲಿ ಎರಡು ಬಗೆ ಇದೆ. ಮೇಲ್ಮೈಯ ಹೊಳಪನ್ನೂ ಸೇರಿಸಿ ಅಳೆಯೋದು ಒಂದು, ಹೊಳಪನ್ನ ಬಿಟ್ಟು ಅಳೆಯೋದು ಇನ್ನೊಂದು. ಸೇರಿಸಿ ಅಳೆದರೆ ಒರಟು ಮೈಗೂ ನುಣುಪು ಮೈಗೂ ಹೆಚ್ಚು ಕಡಿಮೆ ಒಂದೇ ಅಂಕಿ ಬರುತ್ತೆ. ಬಿಟ್ಟು ಅಳೆದರೆ ಒರಟಿನದು ಬೆಳ್ಳಗೆ ಬರುತ್ತೆ. ನಮ್ಮ ಕ್ಲಿನಿಕ್ಕಿನ ಯಂತ್ರದ ತುದಿ ಹಲ್ಲಿಗೆ ಒತ್ತಿಕೊಂಡು ಕೂರುತ್ತೆ. ಅದು ಹುಡುಕೋದು ಒಳಗಿನ ಬಣ್ಣವನ್ನ. ಹೊಳಪು ಅಳೆಯೋಕೆ ಬೇರೆಯೇ ಉಪಕರಣ ಬೇಕು, ಗ್ಲಾಸ್‌ಮೀಟರ್. ಕಪ್ಪು ಗಾಜಿನ ಹೊಳಪನ್ನ 100 ಅಂತ ಇಟ್ಟುಕೊಂಡು, 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು ಹೋಲಿಸುತ್ತೆ.

ತಂತ್ರಜ್ಞ: ಅಂದರೆ ಬಣ್ಣದ ಯಂತ್ರ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತು. ನೀವು ಕೇಳಿದ್ದು ಅರ್ಧ ಪ್ರಶ್ನೆ.

ವೈದ್ಯೆ: ಅರ್ಧ ಅಂತ ತಳ್ಳಿಹಾಕಬೇಡಿ. ಕಣ್ಣನ್ನೇ ನಂಬಿ ಕೂತಿದ್ದಾಗ ಎಷ್ಟು ಜಗಳ ಆಗ್ತಿತ್ತು ಅಂತ ನಿಮಗೇ ಗೊತ್ತು. ಬಣ್ಣದ ಅಂತರಕ್ಕೆ ಈಗ ಒಪ್ಪಿತ ಮಿತಿ ಇದೆ. ಡೆಲ್ಟಾ ಇ ಸೊನ್ನೆ-ಸೊನ್ನೆ ಅನ್ನೋ ಅಳತೆಯಲ್ಲಿ 0.8 ದಾಟಿದರೆ ನೋಡುವವರಲ್ಲಿ ಅರ್ಧ ಜನಕ್ಕೆ ವ್ಯತ್ಯಾಸ ಕಾಣುತ್ತೆ, 1.8 ದಾಟಿದರೆ ಅರ್ಧ ಜನ ಒಪ್ಪಲ್ಲ. ಇಂಥ ಅಂಕಿ ಇಲ್ಲದಿದ್ದರೆ ನಾನು ನಿಮಗೆ ‘ಸ್ವಲ್ಪ ಬೆಳ್ಳಗಿದೆ’ ಅಂತಷ್ಟೇ ಹೇಳ್ತಾ ಕೂರಬೇಕು.

ತಂತ್ರಜ್ಞರು ಇದಕ್ಕೆ ಮರುಮಾತು ಆಡಲಿಲ್ಲ. ಜರ್ಮನಿಯ ವೀಟಾ ಸಂಸ್ಥೆಯ 16 ಹಲ್ಲುಗಳ ಶೇಡ್ ಪಟ್ಟಿ 1956ರಿಂದ ಬಳಕೆಯಲ್ಲಿದೆ. ಇವರ ಮೇಜಿನ ಮೇಲೂ ಒಂದಿದೆ. ಆ ಪಟ್ಟಿಯ ಹಲ್ಲುಗಳೆಲ್ಲ ಒಂದೇ ಬಗೆಯ ನುಣುಪಿನವು. ಮನುಷ್ಯರ ಹಲ್ಲುಗಳು ಹಾಗಿಲ್ಲ.

ಮಾತು ಅಲ್ಲಿಂದ ನಿಜವಾದ ತಕರಾರಿಗೆ ಬಂತು. ಉಜ್ಜಿದ ಮೈಯನ್ನು ಸರಿಮಾಡುವುದು ಹೇಗೆ: ಮತ್ತೆ ಕುಲುಮೆಗಿಟ್ಟು ಗ್ಲೇಜ್ ಮಾಡಬೇಕೋ, ರಬ್ಬರ್ ಚಕ್ರ, ಡೈಮಂಡ್ ಪೇಸ್ಟ್ ಹಿಡಿದು ಕೈಯಲ್ಲೇ ಪಾಲಿಶ್ ಮಾಡಬೇಕೋ?

ತಂತ್ರಜ್ಞ: ಕೊಡಿ ಇಲ್ಲಿ, ಗ್ಲೇಜ್ ಹಾಕಿ ಕೊಡ್ತೀನಿ. ಪಿಂಗಾಣಿಯ ಹೊಳಪು ಬೆಂಕಿಯಿಂದಲೇ ಬರಬೇಕು. 1880ರ ದಶಕದಲ್ಲಿ ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್ ಪಿಂಗಾಣಿ ಕ್ಯಾಪ್ ಮಾಡೋಕೆ ಹೊರಟಾಗಿನಿಂದಲೂ ಅದೇ, 1962ರಲ್ಲಿ ವೈನ್‌ಸ್ಟೀನ್ ಅವರ ಪೇಟೆಂಟ್ ಬಂದು ಲೋಹದ ಮೇಲೆ ಪಿಂಗಾಣಿ ಕೂರಿಸೋದು ಶುರುವಾದ ಮೇಲೂ ಅದೇ. ಕೊನೇ ಸಲ ಸುಡುವಾಗ ಮೈಮೇಲಿನ ಗಾಜು ತುಸು ಕರಗುತ್ತೆ, ಹರಿದು ಗೀರು ಮುಚ್ಚುತ್ತೆ. ಅದು ತನ್ನದೇ ಗ್ಲೇಜ್. ಅಷ್ಟು ಸಾಲದಿದ್ದರೆ ಕಡಿಮೆ ಬಿಸಿಗೆ ಕರಗುವ ಗಾಜಿನ ಪುಡಿಯನ್ನ ಮೇಲೆ ಸವರಿ ಸುಡ್ತೀವಿ. ಕೈ ಹೋಗದ ಸಂದಿಗೂ ಬೆಂಕಿ ಹೋಗುತ್ತೆ.

ವೈದ್ಯೆ: ಹೋಗುತ್ತೆ, ಆದರೆ ಎಷ್ಟು ದಿನ ನಿಲ್ಲುತ್ತೆ? ಮೇಲೆ ಸವರಿದ ಗ್ಲೇಜ್ ಕೆಲವು ಹತ್ತು ಮೈಕ್ರಾನ್ ದಪ್ಪ. ಅಗಿಯುವ ಜಾಗದಲ್ಲಿ ಸವೆದು ಹೋಗುತ್ತೆ, ಕೆಳಗಿನ ಒರಟು ಹೊರಗೆ ಬರುತ್ತೆ. ಅಲ್ಲದೆ ನಾನು ಕಚ್ಚುವ ಎತ್ತರ ಸರಿಮಾಡೋಕೆ ಒಂದು ಸಲ ಬರ್ ಹಿಡಿದರೆ ನಿಮ್ಮ ಗ್ಲೇಜ್ ಆ ಜಾಗದಲ್ಲಿ ಮುಗೀತು. ಎಚ್.ಡಿ. ಕೋಟೆಯಿಂದ ಬಸ್ಸಲ್ಲಿ ಬಂದ ಹೆಂಗಸಿಗೆ ‘ನಾಳೆ ಬನ್ನಿ, ಲ್ಯಾಬಿಗೆ ಕಳಿಸಿ ಗ್ಲೇಜ್ ಮಾಡಿಸ್ತೀನಿ’ ಅಂದರೆ ಆಕೆಯ ಇನ್ನೊಂದು ದಿನದ ಕೂಲಿ ಹೋಯ್ತು. ಕುರ್ಚಿಯಲ್ಲೇ ಪಾಲಿಶ್ ಮಾಡಿದರೆ ಅವತ್ತೇ ಮನೆಗೆ ಹೋಗ್ತಾರೆ.

ತಂತ್ರಜ್ಞ: ಮಾಡಿದರೆ! ಎಷ್ಟು ಜನ ಮಾಡ್ತಾರೆ? ಒರಟು ಚಕ್ರ, ಮಧ್ಯಮ, ನಯ, ಆಮೇಲೆ ಪೇಸ್ಟ್ — ನಾಲ್ಕು ಹೆಜ್ಜೆ. ಹೊರಗೆ ರೋಗಿಗಳು ಕಾಯ್ತಿದ್ದಾರೆ ಅಂತ ಮೊದಲನೇದರಿಂದ ನೇರ ಕೊನೇದಕ್ಕೆ ಹಾರಿದರೆ ಗೀರಿನ ಮೇಲೇ ಹೊಳಪು ಬರುತ್ತೆ. ದೀಪ ಹಿಡಿದು ನೋಡಿದರೆ ಹಳ್ಳ ಹಳ್ಳವಾಗೇ ಇರುತ್ತೆ.

ವೈದ್ಯೆ: ಅದು ಪದ್ಧತಿಯ ತಪ್ಪಲ್ಲ, ಅವಸರದ ತಪ್ಪು. ನಾಲ್ಕೂ ಹೆಜ್ಜೆ ಮಾಡಿದರೆ ಗ್ಲೇಜಿಗೆ ಸಮ ಅಥವಾ ಅದಕ್ಕಿಂತ ನುಣುಪು ಬರುತ್ತೆ. ಒರಟುತನದ ಸರಾಸರಿ 0.2 ಮೈಕ್ರಾನಿಗಿಂತ ಕೆಳಗಿದ್ದರೆ ಸಾಕು, ಅದಕ್ಕಿಂತ ನುಣುಪು ಮಾಡಿದರೂ ಬ್ಯಾಕ್ಟೀರಿಯಾ ಅಂಟೋದು ಇನ್ನಷ್ಟು ಕಡಿಮೆ ಆಗಲ್ಲ ಅಂತ 1997ರಲ್ಲೇ ಬೆಲ್ಜಿಯಂನವರು ಬರೆದಿದ್ದಾರೆ. ನಾಲಿಗೆಗೆ ಒರಟು ಗೊತ್ತಾಗೋದು ಸುಮಾರು 0.5ರಿಂದ ಮೇಲೆ. ಇನ್ನೊಂದು ವಿಷಯ ಹೇಳ್ತೀನಿ. ಹುಳುಕು ತಡೆಯೋಕೆ ಹಚ್ಚುವ ಫ್ಲೋರೈಡ್ ಜೆಲ್ ಇದೆಯಲ್ಲ, ಶೇಕಡಾ 1.23ರ ಆಮ್ಲೀಯ ಜೆಲ್, ಅದು ಗ್ಲೇಜಿನ ಗಾಜನ್ನೇ ತಿನ್ನುತ್ತೆ. ಪಿಂಗಾಣಿ ಕ್ಯಾಪ್ ಇದ್ದವರಿಗೆ ಆಮ್ಲವಿಲ್ಲದ ಸೋಡಿಯಂ ಫ್ಲೋರೈಡ್ ಹಚ್ಚಬೇಕು.

ತಂತ್ರಜ್ಞ: ಹಾಗೆ ನೋಡಿದರೆ ಆ ಆಮ್ಲ ಪಾಲಿಶ್ ಮಾಡಿದ ಪಿಂಗಾಣಿಯನ್ನೂ ತಿನ್ನುತ್ತೆ. ಗಾಜು ಗಾಜೇ.

ವೈದ್ಯೆ: ಒಪ್ಪಿದೆ. ಅದಕ್ಕೇ ಗಾಜೇ ಇಲ್ಲದ ಜರ್ಕೋನಿಯಾ ಮಾಡೋಣ ಅಂತ ನಾನು ಮೊದಲೇ ಹೇಳಿದ್ದು. ಗಟ್ಟಿ, ಒಡೆಯಲ್ಲ. 1,500 ಡಿಗ್ರಿಯಷ್ಟು ಬಿಸಿಯಲ್ಲಿ ಗಟ್ಟಿಯಾಗಿ, ಐದರಲ್ಲಿ ಒಂದು ಪಾಲು ಕುಗ್ಗಿ, ಲೆಕ್ಕ ಹಾಕಿದ ಅಳತೆಗೇ ಬಂದು ಕೂರುತ್ತೆ. ಎದುರಿನ ಹಲ್ಲನ್ನ ತೇಯುತ್ತೆ ಅನ್ನೋ ಭಯ ಇತ್ತು. ಪ್ರಯೋಗಾಲಯದಲ್ಲಿ ತಿಕ್ಕಿ ನೋಡಿದಾಗ ಚೆನ್ನಾಗಿ ಪಾಲಿಶ್ ಮಾಡಿದ ಜರ್ಕೋನಿಯಾ ಎದುರಿನ ಎನಾಮೆಲನ್ನ ಬಹಳ ಕಡಿಮೆ ಸವೆಸಿತು. ಹೆಚ್ಚು ಸವೆಸಿದ್ದು ಗ್ಲೇಜ್ ಹಾಕಿದ್ದು. ಗ್ಲೇಜ್ ಸವೆದು ಚೂರಾಗಿ, ಆ ಚೂರೇ ಮರಳಾಗುತ್ತೆ.

ತಂತ್ರಜ್ಞ: ದವಡೆ ಹಲ್ಲಿಗೆ ನಿಮ್ಮ ಮಾತೇ ಸರಿ. ನಾನೂ ಈಗ ಜರ್ಕೋನಿಯಾದ ದವಡೆ ಹಲ್ಲುಗಳನ್ನ ಪಾಲಿಶ್ ಮಾಡಿಯೇ ಕಳಿಸ್ತೀನಿ. ಮುಂದಿನ ಹಲ್ಲಿನ ಮಾತು ಬೇರೆ. ಪಾಲಿಶ್ ಮಾಡಿದ ಜರ್ಕೋನಿಯಾದ ಹೊಳಪು ಹಲ್ಲಿನದಲ್ಲ. ಒಂಥರಾ ಲೋಹದ ಹೊಳಪು. ಯಾಕೆ ಅಂತ ನನಗೆ ಲೆಕ್ಕ ಬರಲ್ಲ, ಕಣ್ಣಿಗೆ ಬರುತ್ತೆ.

ವೈದ್ಯೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಎನಾಮೆಲಿನ ವಕ್ರೀಭವನ ಸೂಚ್ಯಂಕ ಸುಮಾರು 1.62; ಒಣ ಮೈಯಿಂದ ನೇರ ಹಿಂದಿರುಗುವ ಬೆಳಕು ಶೇಕಡಾ 5.6. ಜರ್ಕೋನಿಯಾದ್ದು 2.2ರ ಹತ್ತಿರ, ಹಿಂದಿರುಗುವುದು ಶೇಕಡಾ 14. ಎರಡೂವರೆ ಪಟ್ಟು. ಎರಡನ್ನೂ ಒಂದೇ ಸಮ ನುಣುಪು ಮಾಡಿದರೂ, ಎರಡಕ್ಕೂ ಒಂದೇ ಬಣ್ಣ ಕೊಟ್ಟರೂ, ಹೊಳಪಿನ ಚುಕ್ಕೆ ಒಂದೇ ಆಗದು. ಮದುವೆ ಮನೆಯ ಫ್ಲ್ಯಾಶ್ ಬಿದ್ದಾಗ ಫೋಟೋದಲ್ಲಿ ಒಂದೇ ಹಲ್ಲು ಮಿಂಚುವುದಕ್ಕೆ ಇದೂ ಒಂದು ಕಾರಣ.

ವೈದ್ಯೆ: ನಿಮ್ಮ ಕಣ್ಣು ಸರಿ. ಜರ್ಕೋನಿಯಾ ಮೇಲೆ ತೆಳುವಾಗಿ ಗಾಜಿನ ಪದರ ಕೊಟ್ಟರೆ ಹೊರ ಮೈಯಿಂದ ಹಿಂದಿರುಗೋದು ಮತ್ತೆ ಶೇಕಡಾ 4ಕ್ಕೆ ಇಳಿಯುತ್ತೆ, ಹಲ್ಲಿಗೆ ಹತ್ತಿರ ಬರುತ್ತೆ. ತುಟಿ ಕಡೆಗೆ ಅಗಿಯುವ ಭಾರ ಇಲ್ಲ, ಅಲ್ಲಿ ಗ್ಲೇಜ್ ಹೆಚ್ಚು ದಿನ ನಿಲ್ಲುತ್ತೆ. ಇಷ್ಟನ್ನ ಒಪ್ತೀನಿ.

ತಂತ್ರಜ್ಞ: ಒಪ್ಪಿದಿರಿ, ಸರಿ. ಆದರೆ ಗ್ಲೇಜ್ ಹಾಕಿ ಹಾಗೇ ಕಳಿಸೋದೂ ತಪ್ಪು. ಕುಲುಮೆಯಿಂದ ಬಂದ ಹೊಳಪು ಎಲ್ಲರಿಗೂ ಒಂದೇ. ಐವತ್ತು ವರ್ಷದ ಹಲ್ಲಿನ ಹೊಳಪು ಬೇರೆ, ಇಪ್ಪತ್ತರದು ಬೇರೆ. ನಾನು ಗ್ಲೇಜ್ ಆದಮೇಲೆ ಫೆಲ್ಟ್ ಚಕ್ರ, ಪ್ಯೂಮಿಸ್ ಹಿಡಿದು ಹೊಳಪನ್ನ ಇಳಿಸ್ತೀನಿ, ಬೇಕಾದ ಕಡೆ ಬೇಕಾದಷ್ಟು. ಜಗನ್ಮೋಹನ ಅರಮನೆಯಲ್ಲಿ ಮೈಸೂರು ಶೈಲಿಯ ಹಳೇ ಚಿತ್ರಗಳನ್ನ ನೋಡಿದ್ದೀರಲ್ಲ? ಚಿನ್ನದ ರೇಕು ಅಂಟಿಸಿದರೆ ಕೆಲಸ ಮುಗೀತಿರಲಿಲ್ಲ. ಮೇಲೆ ತೆಳು ಕಾಗದ ಹೊದಿಸಿ ನುಣುಪು ಕಲ್ಲಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ಆ ಹೊಳಪು ಚಿನ್ನದ್ದು ಎಷ್ಟೋ, ಉಜ್ಜಿದ ಕೈಯದ್ದೂ ಅಷ್ಟೇ.

ಹೀಗೆಂದು ಅವರು ಮೇಷ್ಟ್ರ ಹಲ್ಲಿನ ಅಚ್ಚನ್ನು ಹತ್ತಿರಕ್ಕೆ ಎಳೆದುಕೊಂಡರು. ಪುಟ್ಟ ಡಬ್ಬಿಯಿಂದ ಬೆಳ್ಳಿ ಬಣ್ಣದ ಪುಡಿ ತೆಗೆದು ಬೆರಳ ತುದಿಯಿಂದ ಪ್ಲಾಸ್ಟರ್ ಹಲ್ಲುಗಳ ಮೇಲೆ ಸವರಿದರು. ಬಣ್ಣದ ಗೊಂದಲ ಮರೆಯಾಗಿ ಮೈಯ ಏರುತಗ್ಗು ಮಾತ್ರ ಉಳಿಯಿತು. ಪಕ್ಕದ ಸಹಜ ಹಲ್ಲಿನಲ್ಲಿ ಮೇಲಿಂದ ಕೆಳಕ್ಕೆ ಎರಡು ತಗ್ಗು, ಅಂಚುಗಳಲ್ಲಿ ದಿಬ್ಬ, ವಸಡಿನ ಬಳಿ ಮಾತ್ರ ಕೂದಲೆಳೆಯಂಥ ಅಡ್ಡಗೆರೆಗಳು. ಕ್ಯಾಪಿನ ಮೇಲೆ ಬರ್ ಎಳೆದ ಓರೆ ಗೀರುಗಳಷ್ಟೆ. ನೋಡಿದವರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಆ ಅಡ್ಡಗೆರೆಗಳ ಹೆಸರು ಪೆರಿಕೈಮೇಟಾ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಎನಾಮೆಲ್ ಪದರ ಪದರವಾಗಿ ಬೆಳೆದುದರ ಗುರುತು; ಒಂದಕ್ಕೊಂದು ಕೆಲವೇ ಹತ್ತು ಮೈಕ್ರಾನಿನಿಂದ ಸುಮಾರು ನೂರು ಮೈಕ್ರಾನಿನವರೆಗಿನ ದೂರ. ಮಕ್ಕಳಲ್ಲಿ ಹೊಸದಾಗಿ ಹುಟ್ಟಿದ ಬಾಚಿಹಲ್ಲಿನಲ್ಲಿ ಎದ್ದು ಕಾಣುತ್ತವೆ. ವರ್ಷಗಟ್ಟಲೆ ಉಜ್ಜಿ, ತುಟಿ ತಾಗಿ ಸವೆಯುತ್ತವೆ. ಇಂಥ ಗೆರೆಗಳು ಬೆಳಕನ್ನು ಒಡೆಯುತ್ತವೆ. ಅಡ್ಡಗೆರೆ ಹೆಚ್ಚಿದರೆ ಹಲ್ಲು ಅಗಲವಾಗಿ, ಉದ್ದದ ತಗ್ಗು ಹೆಚ್ಚಿದರೆ ನೀಳವಾಗಿ ಕಾಣುತ್ತದೆ. ಎರಡು ಬದಿಯ ದಿಬ್ಬಗಳನ್ನು ತುಸು ಒಳಕ್ಕೆ ಸರಿಸಿದರೆ ಅದೇ ಅಳತೆಯ ಹಲ್ಲು ಕಿರಿದಾಗಿ ಕಾಣುತ್ತದೆ. ಬಣ್ಣ ಮುಟ್ಟದೆ, ಅಳತೆ ಮುಟ್ಟದೆ, ಮೈ ಒಂದರಿಂದಲೇ ಇಷ್ಟನ್ನು ಸಾಧಿಸಬಹುದೆಂಬುದು ಈ ಕಸುಬಿನ ಅತ್ಯಂತ ಸುಂದರ ಸಂಗತಿ.

ವೈದ್ಯೆ: ಇದೆಲ್ಲ ಈಗ ಸಾಫ್ಟ್‌ವೇರಿನಲ್ಲೂ ಇದೆ. ಹಲ್ಲುಗಳ ಭಂಡಾರದಿಂದ ಮೈಯ ವಿನ್ಯಾಸ ಆರಿಸಿಕೊಳ್ಳಬಹುದು. ಪಕ್ಕದ ಹಲ್ಲನ್ನೇ ಸ್ಕ್ಯಾನ್ ಮಾಡಿ ಕನ್ನಡಿಯಂತೆ ತಿರುಗಿಸಿ ಇಡಬಹುದು.

ತಂತ್ರಜ್ಞ: ತೆರೆಯ ಮೇಲೆ ಇಡಬಹುದು. ಕೊರೆಯೋ ಸೂಜಿ ಎಷ್ಟು ದಪ್ಪ?

ವೈದ್ಯೆ: ಸಣ್ಣದೆಂದರೆ ಅರ್ಧ ಮಿಲಿಮೀಟರ್ ಆಸುಪಾಸು.

ತಂತ್ರಜ್ಞ: ಅರ್ಧ ಮಿಲಿಮೀಟರಿನ ಸೂಜಿ ಐವತ್ತು ಮೈಕ್ರಾನಿನ ಗೆರೆಯನ್ನ ಹೇಗೆ ಕೊರೆಯುತ್ತೆ? ದೊಡ್ಡ ತಗ್ಗು ಬರುತ್ತೆ, ಕೂದಲೆಳೆ ಬರಲ್ಲ. ಆ ಕೊನೇ ಕೆಲಸಕ್ಕೆ ಮತ್ತೆ ಕೈಯೇ ಬೇಕು. ಬರೋ ಹುಡುಗರಿಗೆ ಮೌಸ್ ಹಿಡಿಯೋದು ಚೆನ್ನಾಗಿ ಬರುತ್ತೆ, ಈ ಪುಡಿ ಸವರಿ ಹಲ್ಲು ಓದೋದನ್ನ ಕಲಿಸೋರು ಕಡಿಮೆಯಾಗಿದ್ದಾರೆ. ನನಗೆ ಇರೋ ಚಿಂತೆ ಅದೊಂದೇ.

ವೈದ್ಯೆ: ನಿಮ್ಮ ಚಿಂತೆ ನನಗೂ ಅರ್ಥ ಆಗುತ್ತೆ. ಆದರೆ ಲೆಕ್ಕ ನೋಡಿ. ಕೈಕೆಲಸ ಬಲ್ಲವರು ಊರಿಗೆ ಕೆಲವರು, ಹಲ್ಲು ಬೇಕಾದವರು ಸಾವಿರಾರು ಮಂದಿ. ಯಂತ್ರ ಕೊಡೋದು ನಿಮ್ಮ ಅತ್ಯುತ್ತಮ ಕೆಲಸಕ್ಕೆ ಸಮ ಅಲ್ಲ, ನಿಜ. ಎಲ್ಲರಿಗೂ ಸಿಗೋ ಸಾಧಾರಣ ಕೆಲಸಕ್ಕಿಂತ ಮೇಲು. ಎಲ್ಲರೂ ನಿಮ್ಮ ಹತ್ತಿರ ಬರೋಕಾಗಲ್ಲವಲ್ಲ?

ಕೆಲಹೊತ್ತು ಇಬ್ಬರೂ ಸುಮ್ಮನಿದ್ದರು. ಇದಕ್ಕೆ ಸುಲಭದ ಉತ್ತರ ಇಲ್ಲ. ಒಳ್ಳೆಯ ಕ್ಯಾಪಿನ ಬೆಲೆ ತೆರಲಾಗದವರೇ ನಮ್ಮಲ್ಲಿ ಹೆಚ್ಚು, ಮತ್ತು ಅವರ ಮುಖಕ್ಕೂ ಒಪ್ಪುವ ಹಲ್ಲೇ ಬೇಕು.

ತಂತ್ರಜ್ಞ: ಇನ್ನೊಂದು ಕೇಳಬೇಕು. ಮೇಷ್ಟ್ರು ಎಲೆ ಅಡಿಕೆ ಹಾಕ್ತಾರಾ?

ವೈದ್ಯೆ: ಊಟ ಆದಮೇಲೆ ಹಾಕ್ತಾರಂತೆ. ಮೈಸೂರು ಚಿಗುರೆಲೆಯೇ ಆಗಬೇಕಂತೆ. ಪಕ್ಕದ ಹಲ್ಲಿನ ಬುಡದಲ್ಲಿ ಕಂದು ಗೆರೆ ಇದೆ.

ತಂತ್ರಜ್ಞ: ನಾನೂ ಅಚ್ಚಿನ ಜತೆ ಕಳಿಸಿದ ಫೋಟೋದಲ್ಲಿ ನೋಡಿದೆ. ಆ ಗೆರೆಯನ್ನ ಕ್ಯಾಪಿನಲ್ಲೂ ತರಬೇಕು. ಗ್ಲೇಜಿನ ಕೆಳಗೆ ಕಂದು ಬಣ್ಣ ತೆಳುವಾಗಿ ಇಟ್ಟು ಸುಟ್ಟರೆ ಎರಡೂ ಜೋಡಿಯಾಗುತ್ತೆ.

ವೈದ್ಯೆ: ಕಲೆಯನ್ನ ನಾವೇ ಮಾಡಿ ಕೊಡೋದಾ? ನಾನು ಹಲ್ಲು ಶುಚಿ ಮಾಡಿ ಆ ಕಲೆ ತೆಗೀತೀನಿ, ಎಲೆ ಅಡಿಕೆ ಬಿಡಿ ಅಂತಲೂ ಹೇಳ್ತೀನಿ. ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ ಅಂತ ಗೊತ್ತಿದ್ದೂ ಸುಮ್ಮನಿರೋಕಾಗಲ್ಲ. ಆಮೇಲೆ ಪಕ್ಕದ ಹಲ್ಲು ಬೆಳ್ಳಗಾದರೆ ಕ್ಯಾಪಿನಲ್ಲಿ ಮಾತ್ರ ಕಲೆ ಉಳಿಯುತ್ತೆ.

ತಂತ್ರಜ್ಞ: ಬಿಟ್ಟರೆ ಒಳ್ಳೇದೇ. ಬಿಡದಿದ್ದರೆ? ಆರು ತಿಂಗಳಲ್ಲಿ ಪಕ್ಕದ ಹಲ್ಲು ಮತ್ತೆ ಕಂದಾಗುತ್ತೆ, ನುಣುಪಾದ ಕ್ಯಾಪಿಗೆ ಮಾತ್ರ ಕಲೆ ಹಿಡಿಯಲ್ಲ. ಆಗ ಇಡೀ ಊರಿಗೆ ಗೊತ್ತಾಗುತ್ತೆ ಇದು ಕಟ್ಟಿಸಿದ ಹಲ್ಲು ಅಂತ.

ವೈದ್ಯೆ: ಹಾಗಂತ ಕೆಟ್ಟ ಅಭ್ಯಾಸಕ್ಕೆ ಹೊಂದೋ ಹಾಗೆ ಹಲ್ಲು ಮಾಡೋಕೆ ನಾನು ತಯಾರಿಲ್ಲ.

ತಂತ್ರಜ್ಞ: ನಾನು ಮನುಷ್ಯನಿಗೆ ಹೊಂದೋ ಹಾಗೆ ಮಾಡ್ತೀನಿ ಅಂತಿದ್ದೀನಿ.

ಇಲ್ಲಿ ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಕೆಲಸದ ಮಾತಿಗೆ ಬಂದರು. ತುಟಿ ಕಡೆ ಗೀರು ತೆಗೆದು, ಪಕ್ಕದ ಹಲ್ಲಿನ ತಗ್ಗುಗಳನ್ನು ನಕಲು ಮಾಡಿ, ಗ್ಲೇಜ್ ಹಾಕಿ, ಹೊಳಪು ಇಳಿಸುವುದು ತಂತ್ರಜ್ಞರ ಪಾಲು. ಕೆಳ ಹಲ್ಲು ತಾಗುವ ಹಿಂಬದಿಯನ್ನು ನಾಲ್ಕೂ ಹೆಜ್ಜೆಯಲ್ಲಿ ಪಾಲಿಶ್ ಮಾಡುವುದು ವೈದ್ಯೆಯ ಪಾಲು. ಕಂದು ಗೆರೆಯನ್ನು ಸದ್ಯಕ್ಕೆ ಸುಡುವುದು ಬೇಡ, ನೀರಿನಲ್ಲಿ ಕಲಸಿದ ಬಣ್ಣದಿಂದ ಬರೆದು ಮೇಷ್ಟ್ರಿಗೆ ಎರಡು ಬಗೆಯಲ್ಲೂ ತೋರಿಸುವುದು, ಒರೆಸಿದರೆ ಹೋಗುತ್ತದೆ.

ವೈದ್ಯೆ: ಅವರನ್ನ ಇಲ್ಲಿಗೇ ಕರೆತರ್ತೀನಿ, ಬೆಳಗ್ಗೆ. ನಿಮ್ಮ ಉತ್ತರದ ಕಿಟಕಿ ಹತ್ತಿರ ಕೂರಿಸಿ ನೋಡಿ. ಕ್ಲಿನಿಕ್ಕಿನ ಎಲ್‌ಇಡಿ ಬೆಳಕಲ್ಲಿ ನನಗೂ ಅನುಮಾನ.

ತಂತ್ರಜ್ಞ: ಕರೆತನ್ನಿ. ಮಾತಾಡಿಸ್ತಾ ನೋಡಬೇಕು, ನಗಿಸಿಯೂ ನೋಡಬೇಕು.

ವೈದ್ಯೆ: ಅವರು ಇನ್ನೂ ಬೆಳ್ಳಗೆ, ಇನ್ನೂ ಹೊಳೆಯೋ ಹಾಗೆ ಬೇಕು ಅಂದರೆ?

ತಂತ್ರಜ್ಞ: ಬೆಳ್ಳಗೆ ಬೇಕು ಅಂದರೆ ಎ2 ಮಾಡಿಕೊಡ್ತೀನಿ, ಅದು ಅವರಿಷ್ಟ. ಹೊಳಪನ್ನ ಮಾತ್ರ ಇಳಿಸಿಯೇ ಕೊಡೋದು.

ವೈದ್ಯೆ: ಹೊಳಪೂ ಅವರಿಷ್ಟವೇ ಅಲ್ವಾ? ಹಲ್ಲು ಅವರದು.